ವಸುಧಾರೆಯಲ್ಲಿ ಅಮ್ಮ ನೆನೆಯಲಿಲ್ಲ

ಮೂರು ವರ್ಷ ಆಯಿತು. ಆ ಮಧ್ಯಾಹ್ನ ಮಾತ್ರ ಇನ್ನೂ ನನ್ನನ್ನು ಬಿಟ್ಟಿಲ್ಲ. ವಸುಧಾರಾ ಜಲಪಾತದ ಬುಡದಲ್ಲಿ ನಾನು ನೆನೆದು ತೊಪ್ಪೆಯಾಗಿ ನಿಂತಿದ್ದೆ. ನನ್ನಿಂದ ಹತ್ತು ಹೆಜ್ಜೆ ಆಚೆ ಅಮ್ಮ ನಿಂತಿದ್ದಳು. ಎರಡೂ ಕೈ ಮುಂದೆ ಚಾಚಿ, ಅಂಗೈ ಬಿಚ್ಚಿ, ತಲೆ ಎತ್ತಿ ನೋಡುತ್ತಿದ್ದಳು. ಅವಳ ಶಾಲು ಒಣಗಿಯೇ ಇತ್ತು. ಸ್ವೆಟರಿನ ತೋಳು ಒಣಗಿಯೇ ಇತ್ತು. ಅಂಗೈ ಮೇಲೆ ಒಂದು ಹನಿಯೂ ಬೀಳಲಿಲ್ಲ. ಬದರಿಯ ಕಡೆ ಹೋಗಿ ಬಂದವರಿಗೆ ಇದರ ಅರ್ಥ ಗೊತ್ತಿರುತ್ತದೆ. ವಸುಧಾರೆಯ ನೀರು ಪಾಪ ಮಾಡಿದವರ ಮೇಲೆ ಬೀಳುವುದಿಲ್ಲ ಅಂತ ಅಲ್ಲಿ ಒಂದು ಮಾತಿದೆ.

ಊರಿಗೆ ಬಂದ ಮೇಲೆ ಪ್ರವಾಸದ ಕಥೆ ತುಂಬಾ ಜನಕ್ಕೆ ಹೇಳಿದ್ದೇನೆ. ಫೋಟೋ ತೋರಿಸಿದ್ದೇನೆ. ಈ ಒಂದು ಭಾಗ ಬಂದಾಗ ಮಾತ್ರ ಸುಮ್ನೆ ಮುಂದಿನ ಫೋಟೋಗೆ ಹೋಗುತ್ತಿದ್ದೆ. ಇದನ್ನು ಬರೆಯಬಹುದಾ ಅಂತ ಹೋದ ವಾರ ಅಮ್ಮನನ್ನು ಕೇಳಿದೆ. "ಬರಿ, ಅದರಲ್ಲಿ ಮುಚ್ಚಿಡೋದೇನಿದೆ" ಅಂದಳು. ಅದಕ್ಕೇ ಬರೆಯುತ್ತಿದ್ದೇನೆ.

ಬ್ರಹ್ಮಕಪಾಲದಲ್ಲಿ

ನಾವು ಹೋಗಿದ್ದು ಜಲಪಾತ ನೋಡೋಕಲ್ಲ. ಅಪ್ಪ ಹೋಗಿ ಎರಡು ವರ್ಷವಾಗಿತ್ತು. ಬದರಿಯಲ್ಲಿ ಅಪ್ಪನಿಗೆ ಪಿಂಡ ಹಾಕಬೇಕು ಅನ್ನುವುದು ಅಮ್ಮನ ಆಸೆ. ಪಿತೃಪಕ್ಷದಲ್ಲಿ ಅಣ್ಣ, ಅಮ್ಮ, ನಾನು ಮೂವರೂ ಹೊರಟೆವು. ಹೃಷಿಕೇಶದಿಂದ ಮೇಲಿನ ದಾರಿಯ ಬಗ್ಗೆ ಏನೂ ಹೇಳುವುದಿಲ್ಲ. ಹೋದವರಿಗೆಲ್ಲ ಅದು ಗೊತ್ತು. ಹೋಗದವರಿಗೆ ಹೇಳಿದರೆ ಹೋಗುವ ಧೈರ್ಯ ಕಡಿಮೆ ಆಗಬಹುದು.

ಬ್ರಹ್ಮಕಪಾಲ ಅಂದರೆ ದೇವಸ್ಥಾನದಿಂದ ಸ್ವಲ್ಪ ಮೇಲೆ, ಅಲಕನಂದೆಯ ದಡದಲ್ಲಿರುವ ಒಂದು ಕಲ್ಲಿನ ಜಗಲಿ. ಬೆಳಗ್ಗೆ ಎಂಟು ಗಂಟೆಗೆ ಅಣ್ಣ ಅಲ್ಲಿ ಕೂತ. ಸುತ್ತ ದೇಶದ ಎಲ್ಲ ಮೂಲೆಯ ಜನ. ಎಲ್ಲರ ಮುಂದೆಯೂ ಅದೇ ಅನ್ನದ ಉಂಡೆ, ಅದೇ ಎಳ್ಳು, ಅದೇ ದರ್ಭೆ. ಪಕ್ಕದಲ್ಲೇ ನದಿ ಎಷ್ಟು ಜೋರಾಗಿ ಹರಿಯುತ್ತದೆ ಅಂದರೆ ಪುರೋಹಿತರು ಮಂತ್ರವನ್ನು ಕೂಗಿ ಹೇಳಬೇಕು. ಅಪ್ಪನ ಹೆಸರು, ಅಜ್ಜನ ಹೆಸರು, ಮುತ್ತಜ್ಜನ ಹೆಸರು ಆಯಿತು. ಆಮೇಲೆ ಬೇರೆ ನೆಂಟರು, ಸ್ನೇಹಿತರು ಯಾರಿದ್ದರೂ ಹೇಳಿ ಅಂದರು. ಅಮ್ಮನಿಗೆ ಹಿಂದಿ ಅಷ್ಟಾಗಿ ಬರುವುದಿಲ್ಲ. ನನ್ನ ಭುಜ ಮುಟ್ಟಿ "ಚಿಕ್ಕಮ್ಮನ ಹೆಸರು ಸೇರಿಸಬೇಕು ಅಂತ ಹೇಳು" ಅಂದಳು. ಹೇಳಿದೆ. ಅವರು ಹೆಸರು ಕೇಳಿದರು, ಅಣ್ಣನಿಂದ ಹೇಳಿಸಿದರು, ಎಳ್ಳುನೀರು ಬಿಡಿಸಿದರು. ಎರಡು ನಿಮಿಷ ಆದ ಮೇಲೆ ಅಮ್ಮ ಮತ್ತೆ ಭುಜ ಮುಟ್ಟಿದಳು. "ಚಿಕ್ಕಮ್ಮನ ಹೆಸರು ಹೇಳಿದರಾ? ನನಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿಸು." ನದಿಯ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ. ಮತ್ತೆ ಹೇಳಿಸಿದೆ.

ತರ್ಪಣಕ್ಕೆ ಚೊಂಬಿನ ನೀರು ಮುಗಿದಾಗ ನಾನು ಏಳುವುದರೊಳಗೆ ಅಮ್ಮನೇ ಎದ್ದಳು. ಮೆಟ್ಟಿಲಿಳಿದು, ಸರಪಳಿ ಹಿಡಿದುಕೊಂಡು ಬಗ್ಗಿ ನೀರು ತುಂಬಿದಳು. ಆ ನೀರು ಐಸಿನಂತೆ ಕೊರೆಯುತ್ತದೆ. ಒಂದು ಸಲ ಕೈ ಅದ್ದಿದರೆ ಬೆರಳು ಮರಗಟ್ಟುತ್ತದೆ. ಚೊಂಬು ತುಂಬಿದ ಮೇಲೂ ಅವಳು ಕೈ ತೆಗೆಯಲಿಲ್ಲ. ಸುಮಾರು ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಬಿದ್ದುಬಿಟ್ಟಾಳು ಅಂತ ನಾನು ಮೇಲಿಂದ ಕೂಗಿದೆ. ಆಮೇಲೆ ಬಂದಳು. ಬೆರಳೆಲ್ಲ ಕೆಂಪಾಗಿತ್ತು.

ಆಗ ನಾನು ಏನೂ ಕೇಳಲಿಲ್ಲ. ಚಿಕ್ಕಮ್ಮ ತೀರಿಕೊಂಡು ಆಗಲೇ ಆರೇಳು ವರ್ಷ ಆಗಿತ್ತು. ಅಕ್ಕ ತಂಗಿ ನಡುವೆ ಮಾತು ನಿಂತಿತ್ತು ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಜ್ಜಿಯ ಕಾಸಿನ ಸರದ ವಿಷಯ. ಅದಕ್ಕಿಂತ ಜಾಸ್ತಿ ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಯೋಚನೆಯೂ ಬಂದಿರಲಿಲ್ಲ.

ಮಾಣಾ ದಾಟಿದ ಮೇಲೆ

ಮಾರನೇ ದಿನ ಅಣ್ಣನಿಗೆ ತಲೆನೋವು ಶುರುವಾಯಿತು. ಬದರಿ 3,100 ಮೀಟರ್ ಎತ್ತರದಲ್ಲಿದೆ, ಕೆಲವರಿಗೆ ಹಾಗಾಗುತ್ತದೆ. ಅವನು ರೂಮಿನಲ್ಲೇ ಉಳಿದ. ಅಮ್ಮನಿಗೆ ಅರವತ್ತಮೂರು ವರ್ಷ. ಆದರೂ ಕಾಲು ಗಟ್ಟಿ. "ಇಲ್ಲಿತನಕ ಬಂದಿದ್ದೀವಿ, ವಸುಧಾರೆ ನೋಡದೆ ಹೋಗೋದಾ" ಅಂದವಳೂ ಅವಳೇ. ಪಕ್ಕದ ರೂಮಿನವರು ಯಾರೋ ಅವಳಿಗೆ ಹೇಳಿದ್ದರಂತೆ, ಆ ನೀರು ಮೈಮೇಲೆ ಬಿದ್ದರೆ ಎಲ್ಲ ಪಾಪವೂ ಹೋಗುತ್ತದೆ ಅಂತ. ಮಾತಿನ ಈ ಅರ್ಧ ಮಾತ್ರ ಅವಳ ಕಿವಿಗೆ ಬಿದ್ದಿತ್ತು. ಇನ್ನರ್ಧ ಜಲಪಾತದ ಬುಡದಲ್ಲಿ ಕಾಯುತ್ತಿತ್ತು.

ಬದರಿಯಿಂದ ಮಾಣಾ ಊರಿಗೆ ಮೂರು ಕಿಲೋಮೀಟರ್, ಜೀಪಿದೆ. ಟಿಬೆಟ್ ಗಡಿಯ ಕಡೆ ಇದೇ ಕೊನೆಯ ಊರು. ಈಗ ಕೊನೆಯ ಹಳ್ಳಿ ಅನ್ನುವುದಿಲ್ಲ, ದೇಶದ ಮೊದಲ ಹಳ್ಳಿ ಅಂತ ಬೋರ್ಡು ಹಾಕಿದ್ದಾರೆ. ಟೀ ಅಂಗಡಿಯವರು ಮಾತ್ರ ಹಳೆಯ ಹೆಸರನ್ನೂ ಬಿಟ್ಟಿಲ್ಲ. ಅಲ್ಲಿರುವವರು ಭೋಟಿಯಾ ಜನ. 1962ರ ಯುದ್ಧಕ್ಕೆ ಮುಂಚೆ ಮಾಣಾ ಕಣಿವೆಮಾರ್ಗ ದಾಟಿ ಟಿಬೆಟ್ ಜೊತೆ ಉಪ್ಪು, ಉಣ್ಣೆ ವ್ಯಾಪಾರ ಮಾಡುತ್ತಿದ್ದವರು. ಬದರಿಯ ಬಾಗಿಲು ಮುಚ್ಚುವ ಹೊತ್ತಿಗೆ ಅವರೂ ಮನೆಗೆ ಬೀಗ ಹಾಕಿ ಕೆಳಗಿನ ಊರುಗಳಿಗೆ ಇಳಿಯುತ್ತಾರೆ. ಬೇಸಿಗೆಗೆ ಮತ್ತೆ ಹತ್ತುತ್ತಾರೆ. ನಾವು ಹೋದಾಗ ಹೊಲದಲ್ಲಿ ಆಲೂಗಡ್ಡೆ ಕೀಳುತ್ತಿದ್ದರು. ಹೆಂಗಸರು ಬಾಗಿಲಲ್ಲಿ ಬಿಸಿಲಿಗೆ ಕೂತು ಉಣ್ಣೆ ಹೆಣೆಯುತ್ತಿದ್ದರು. ಅವರಲ್ಲಿ ಅಮ್ಮನ ವಯಸ್ಸಿನವರೊಬ್ಬರು ಅವಳ ಕ್ಯಾನ್ವಾಸ್ ಶೂ ನೋಡಿ, ಒಳಗೆ ಹೋಗಿ, ಒಂದು ಕೋಲು ತಂದುಕೊಟ್ಟರು. ವಾಪಸ್ ಬರುವಾಗ ಕೊಡಿ ಸಾಕು ಅಂತ ಸನ್ನೆಯಲ್ಲೇ ಹೇಳಿದರು. ಮಾಣಾ ಅಂದರೆ ನನಗೆ ವ್ಯಾಸ ಗುಹೆ, ಗಣೇಶ ಗುಹೆಗಿಂತ ಮೊದಲು ಆ ಕೋಲು ನೆನಪಾಗುತ್ತದೆ.

ಊರು ಮುಗಿಯುವಲ್ಲಿ ಸರಸ್ವತಿ ನದಿ ಬಂಡೆಯ ಸೀಳಿನಿಂದ ನುಗ್ಗಿ ಬರುತ್ತದೆ. ಅದರ ಮೇಲೆ ಒಂದು ದೊಡ್ಡ ಬಂಡೆ ಅಡ್ಡ ಬಿದ್ದಿದೆ. ಅದೇ ಭೀಮಪುಲ್. ದ್ರೌಪದಿಗೆ ನದಿ ದಾಟಲು ಆಗಲಿಲ್ಲ ಅಂತ ಭೀಮ ಎತ್ತಿ ಇಟ್ಟ ಬಂಡೆಯಂತೆ. ಅದರ ಮೇಲೆ ನಡೆದು ಆಚೆ ಹೋದರೆ ವಸುಧಾರೆಗೆ ಇನ್ನು ಐದಾರು ಕಿಲೋಮೀಟರ್. ಇದೇ ಪಾಂಡವರು ಸ್ವರ್ಗಕ್ಕೆ ಹೊರಟ ದಾರಿ. ಎಡಗಡೆ ಕೆಳಗೆ ಅಲಕನಂದೆ. ಅದರಾಚೆ ಹಿಮದ ಬೆಟ್ಟಗಳು. ಮುಂದೆ ಎಲ್ಲೋ ಸತೋಪಂಥ್ ಹಿಮನದಿ. ಅಲಕನಂದೆ ಹುಟ್ಟುವುದು ಆ ಕಡೆಯಿಂದಲೇ. ಮರ ಅಂತ ಒಂದೂ ಇಲ್ಲ. ಒಣಗಿದ ಹುಲ್ಲು, ಉರುಳಿ ಬಂದ ಕಲ್ಲು, ತುಂಬಾ ನೀಲಿಯಾದ ಆಕಾಶ.

ಅಮ್ಮ ನಿಧಾನವಾಗಿ ನಡೆದಳು. ಇಪ್ಪತ್ತು ಹೆಜ್ಜೆ, ಒಂದು ನಿಲುಗಡೆ. ನಿಂತಾಗಲೆಲ್ಲ ಪಾಂಡವರ ಮಾತೇ. ದ್ರೌಪದಿ ಎಲ್ಲಿ ಬಿದ್ದಿರಬಹುದು, ಸಹದೇವ ಎಲ್ಲಿ, ನಕುಲ ಎಲ್ಲಿ ಅಂತ. ನಮ್ಮಜ್ಜಿ ಈ ಕಥೆಯನ್ನು ಅಕ್ಕ ತಂಗಿ ಇಬ್ಬರಿಗೂ ಒಟ್ಟಿಗೆ ಹೇಳುತ್ತಿದ್ದಳಂತೆ. ಒಬ್ಬೊಬ್ಬರೂ ಬಿದ್ದಾಗ ಭೀಮ ಕೇಳುತ್ತಾನೆ, ಅಣ್ಣಾ, ಇವರು ಯಾಕೆ ಬಿದ್ದರು? ಧರ್ಮರಾಯ ಹಿಂದೆ ತಿರುಗಿ ನೋಡದೆ ಉತ್ತರ ಕೊಡುತ್ತಾನೆ. ದ್ರೌಪದಿಗೆ ಅರ್ಜುನನ ಮೇಲೆ ಪ್ರೀತಿ ಜಾಸ್ತಿ ಇತ್ತು. ಸಹದೇವನಿಗೆ ತನ್ನಷ್ಟು ತಿಳಿದವರಿಲ್ಲ ಅಂತ ಗರ್ವ. ನಕುಲನಿಗೆ ತನ್ನ ಚೆಲುವಿನ ಗರ್ವ. ಹೀಗೆ ಎಲ್ಲರಿಗೂ ಒಂದೊಂದು ಕಾರಣ. "ನಾವು ಚಿಕ್ಕವರಿದ್ದಾಗ ಚಿಕ್ಕಮ್ಮ ಈ ಕಥೆಗೆ ಅಳ್ತಿದ್ದಳು" ಅಂದಳು ಅಮ್ಮ. "ಬಿದ್ದವರನ್ನು ಎತ್ತಬೇಕಲ್ವಾ, ಕಾರಣ ಯಾಕೆ ಹೇಳ್ತಾನೆ ಅಂತ ಅಜ್ಜಿ ಜೊತೆ ಜಗಳ ಆಡ್ತಿದ್ದಳು."

ನಾನು ನಕ್ಕು ನೀರಿನ ಬಾಟಲಿ ಕೊಟ್ಟೆ. ಮತ್ತೆ ಇಪ್ಪತ್ತು ಹೆಜ್ಜೆ ನಡೆದೆವು.

ದೂರದಿಂದ ವಸುಧಾರೆ ಒಂದು ಬಿಳಿ ದಾರದ ಹಾಗೆ ಕಾಣುತ್ತದೆ. ನಮ್ಮ ಜೋಗವನ್ನು ಮಳೆಗಾಲದಲ್ಲಿ ನೋಡಿದವರಿಗೆ ಮೊದಲ ನೋಟಕ್ಕೆ ಇಷ್ಟೇನಾ ಅನ್ನಿಸಬಹುದು. ಎತ್ತರ ಸುಮಾರು 400 ಅಡಿ ಅನ್ನುತ್ತಾರೆ, ಜೋಗದ ಅರ್ಧಕ್ಕೂ ಕಡಿಮೆ. ಅಬ್ಬರ ಇಲ್ಲ. ಹತ್ತಿರ ಹೋಗುತ್ತಾ ಹೋಗುತ್ತಾ ಅದು ಬೇರೆಯೇ ಆಗುತ್ತದೆ. ಬೆಟ್ಟದ ನೆತ್ತಿಯಿಂದ ಹೊರಟ ನೀರು ನೆಲ ಮುಟ್ಟುವ ಮೊದಲೇ ಬಿಚ್ಚಿಕೊಂಡುಬಿಡುತ್ತದೆ. ಮೇಲೆ ಅದು ನೀರು. ನಡುವೆ ಬರುವ ಹೊತ್ತಿಗೆ ಹತ್ತಿ. ಇನ್ನೂ ಕೆಳಗೆ ಹೊಗೆ. ಆ ಹೊಗೆ ಒಂದೇ ಕಡೆ ಇಳಿಯುವುದಿಲ್ಲ. ಒಮ್ಮೆ ಬಂಡೆಗೆ ಅಂಟಿಕೊಳ್ಳುತ್ತದೆ, ಒಮ್ಮೆ ಎಡಕ್ಕೆ ವಾಲುತ್ತದೆ, ಒಮ್ಮೆ ಮೇಲಕ್ಕೇ ವಾಪಸ್ ಏರುತ್ತದೆ. ನಾನು ಬಹಳ ಹೊತ್ತು ಬಾಯಿ ಬಿಟ್ಟುಕೊಂಡು ನೋಡಿದೆ. ಬಿಸಿಲು ಬಿದ್ದಾಗ ಅದರೊಳಗೆ ಕಾಮನಬಿಲ್ಲಿನ ಒಂದು ತುಂಡು ಮೂಡುತ್ತಿತ್ತು. ನೀರು ಸರಿದಾಗ ಆರಿಹೋಗುತ್ತಿತ್ತು.

ನಾವು ತಲುಪಿದಾಗ ಹನ್ನೆರಡೂವರೆ. ಅಲ್ಲಿ ಒಂದು ಯಾತ್ರಿಕರ ಗುಂಪು ಆಗಲೇ ಇತ್ತು. ಹತ್ತು ಹನ್ನೆರಡು ಜನ. ಒಬ್ಬೊಬ್ಬರಾಗಿ ಬುಡಕ್ಕೆ ಹೋಗಿ ನಿಲ್ಲುವುದು, ನೀರು ಬಿದ್ದರೆ ಉಳಿದವರು ಜೈಕಾರ ಹಾಕುವುದು, ಬೀಳದಿದ್ದರೆ ಗೊಳ್ಳೆಂದು ನಗುವುದು. ಒಬ್ಬ ಹುಡುಗನ ಮೇಲೆ ಬೀಳಲಿಲ್ಲ. ಅವನ ಗೆಳೆಯರು "ಪಾಪೀ, ಪಾಪೀ" ಅಂತ ಕೂಗಿದರು. ಅವನೂ ನಗುತ್ತಾ ಆ ಕಡೆ ಈ ಕಡೆ ಓಡಿ, ಕೊನೆಗೆ ನೀರಿದ್ದ ಕಡೆ ಹೋಗಿ ಒದ್ದೆಯಾದ. ಒಳ್ಳೆಯ ಹುಡುಗರು. ನಮಗೆ ಜಾಗ ಬಿಟ್ಟುಕೊಟ್ಟರು, ಕಲ್ಲು ಜಾರುತ್ತದೆ ಅಂತ ಅಮ್ಮನ ಕೈ ಹಿಡಿದು ನಿಲ್ಲಿಸಿದರು. "ಏನು ಕೂಗ್ತಿದ್ದರು?" ಅಂತ ಅಮ್ಮ ಕೇಳಿದಳು. ನಾನೇ ಕನ್ನಡದಲ್ಲಿ ಹೇಳಿದೆ. ಪಾಪ ಮಾಡಿದವರ ಮೇಲೆ ಬೀಳಲ್ವಂತೆ ಅಮ್ಮ ಅಂತ. ನಗುತ್ತಲೇ ಹೇಳಿದೆ.

ನಾನು ಮುಂದೆ ಹೋಗಿ ನಿಂತೆ. ಹತ್ತು ಸೆಕೆಂಡಿನಲ್ಲಿ ಮೇಲಿಂದ ನೀರು ಬಂತು. ಚಳಿಗೆ ಉಸಿರೇ ನಿಂತಂತಾಯಿತು. ಚೀರಿದೆ. ಹುಡುಗರೆಲ್ಲ ಜೈಕಾರ ಹಾಕಿದರು. ನಾನು ಅಷ್ಟು ಖುಷಿಯಾಗಿದ್ದು ಆ ವರ್ಷದಲ್ಲಿ ಅದೇ ಮೊದಲು. ಅಪ್ಪ ಹೋದ ಮೇಲೆ ಅಷ್ಟು ಜೋರಾಗಿ ನಕ್ಕಿರಲಿಲ್ಲ. ಮೊಬೈಲ್ ತೆಗೆದು ವಿಡಿಯೋ ಮಾಡಿಕೊಂಡೆ. ಆಮೇಲೆ ತಿರುಗಿ ನೋಡಿದರೆ ಅಮ್ಮ ಕೈ ಚಾಚಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. "ಇಲ್ಲಿ ಬಾ ಅಮ್ಮ, ಈ ಕಡೆ ಬೀಳ್ತಿದೆ" ಅಂತ ಕೂಗಿದೆ. ಅವಳು ಕಷ್ಟಪಟ್ಟು ನನ್ನ ಕಡೆ ಬಂದಳು. ಅವಳು ಬರುವಷ್ಟರಲ್ಲಿ ಗಾಳಿ ತಿರುಗಿ, ಅವಳು ಮೊದಲು ನಿಂತಿದ್ದ ಕಲ್ಲಿನ ಮೇಲೆ ನೀರು ಸುರಿಯಿತು. ಆ ಕಲ್ಲು ಕಪ್ಪಾಗುವುದನ್ನು ಇಬ್ಬರೂ ನೋಡಿದೆವು. ಇನ್ನೊಂದು ಸಲ ಜಾಗ ಬದಲಾಯಿಸೋಣ ಅಂದೆ. "ಬೇಡ ಬಿಡು" ಅಂದಳು. ಹೋಗಿ ಒಂದು ಬಂಡೆಯ ಮೇಲೆ ಕೂತಳು. ಶಾಲನ್ನು ಮಡಿಸಿ ಮಡಿಲಲ್ಲಿ ಇಟ್ಟುಕೊಂಡಳು. ಒಣ ಶಾಲು.

ವಾಪಸ್ ಬರುವಾಗ ಪಾಂಡವರ ಮಾತು ಬರಲಿಲ್ಲ. ಸುಸ್ತಾಗಿದೆ ಅಂದುಕೊಂಡೆ. ಮಾಣಾದಲ್ಲಿ ಆ ಹೆಂಗಸಿಗೆ ಕೋಲು ಕೊಡುವಾಗ ಅವರು ಅಮ್ಮನ ಮುಖ ನೋಡಿ ಏನೋ ಕೇಳಿದರು. ಅವರ ಮಾತು ನಮಗೆ ಅರ್ಥವಾಗಲಿಲ್ಲ. ಅಮ್ಮ ಅವರ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದಳು. ರಾತ್ರಿ ಊಟ ಬೇಡ ಅಂದಳು.

ಗಾಳಿಯ ಲೆಕ್ಕ

ಬಸ್ಸಿನಲ್ಲಿ ಇಳಿಯುತ್ತಾ ನಾನು ಯೋಚಿಸಿದ್ದೆಲ್ಲ ಗಾಳಿಯ ಬಗ್ಗೆ. ನನಗೆ ಒಂದು ವಿಷಯ ಕೊರೆಯಲು ಶುರುವಾದರೆ ಅದರ ಲೆಕ್ಕ ಹಾಕದೆ ಸಮಾಧಾನ ಇಲ್ಲ. ಇದು ನಿಜಕ್ಕೂ ಚಂದದ ಲೆಕ್ಕ.

ಇಂಥ ಕಣಿವೆಗಳನ್ನು ಕೊರೆದಿದ್ದು ಹಿಮನದಿ. ದೊಡ್ಡ ಹಿಮನದಿ ಮುಖ್ಯ ಕಣಿವೆಯನ್ನು ಆಳವಾಗಿ ಉಜ್ಜುತ್ತದೆ. ಪಕ್ಕದಿಂದ ಬಂದು ಸೇರುವ ಚಿಕ್ಕ ಹಿಮನದಿಗೆ ಅಷ್ಟು ಶಕ್ತಿ ಇಲ್ಲ, ಅದರ ಕಣಿವೆ ಮೇಲೆಯೇ ಉಳಿಯುತ್ತದೆ. ಹಿಮ ಕರಗಿ ಹಿಂದೆ ಸರಿದ ಮೇಲೆ ಚಿಕ್ಕ ಕಣಿವೆ ಗೋಡೆಯ ಮೇಲಿನ ಗೂಡಿನ ಹಾಗೆ ಎತ್ತರದಲ್ಲಿ ತೂಗುತ್ತಿರುತ್ತದೆ. ಅಲ್ಲಿಂದ ನೀರು ಕೆಳಗಿನ ಕಣಿವೆಗೆ ಧುಮುಕಲೇಬೇಕು. ಹಿಮಾಲಯದಲ್ಲಿ ನಾವು ನೋಡುವ ಎಷ್ಟೋ ಜಲಪಾತ ಹೀಗೆ ಹುಟ್ಟಿದ್ದು. ಹಿಮದ ನೀರಾದ್ದರಿಂದ ಅದಕ್ಕೆ ದಿನದ ಏರಿಳಿತವೂ ಇದೆ. ರಾತ್ರಿ ಚಳಿಗೆ ಕರಗುವುದು ನಿಲ್ಲುತ್ತದೆ, ಬೆಳಗ್ಗೆ ಧಾರೆ ಸಣ್ಣದಾಗಿರುತ್ತದೆ. ಬಿಸಿಲೇರಿದ ಮೇಲೆ ದಪ್ಪವಾಗುತ್ತದೆ.

ಇನ್ನು ಬೀಳುವ ನೀರು. 400 ಅಡಿ ಅಂದರೆ ಸುಮಾರು 120 ಮೀಟರ್. ಗಾಳಿಯ ತಡೆ ಇಲ್ಲದಿದ್ದರೆ ಐದು ಸೆಕೆಂಡಿನಲ್ಲಿ ನೀರು ಕೆಳಗಿರುತ್ತದೆ. ಆದರೆ ತೆಳು ಧಾರೆ ಒಡೆದು ಹನಿಯಾಗುತ್ತದೆ. ಹನಿ ಚಿಕ್ಕದಾದಷ್ಟೂ ಬೀಳುವ ವೇಗ ಕಡಿಮೆ. ದೊಡ್ಡ ಮಳೆಹನಿ ಸೆಕೆಂಡಿಗೆ ಒಂಬತ್ತು ಮೀಟರ್ ಬಿದ್ದರೆ, ಅರ್ಧ ಮಿಲಿಮೀಟರ್ ಹನಿ ಬೀಳುವುದು ಬರೀ ಎರಡು ಮೀಟರ್. ಅಂಥ ಹನಿ ನೆಲ ಮುಟ್ಟೋಕೆ ಒಂದು ನಿಮಿಷ ಬೇಕು. ಅಷ್ಟರಲ್ಲಿ ಸೆಕೆಂಡಿಗೆ ಐದು ಮೀಟರ್ ಗಾಳಿ ಬೀಸಿದರೆ ಅದು 300 ಮೀಟರ್ ಆಚೆ ಹೋಗಿರುತ್ತದೆ. ಐದು ಮೀಟರ್ ಅಂದರೆ ದೊಡ್ಡ ಗಾಳಿಯೇನಲ್ಲ, ಎಲೆಗಳು ಅಲ್ಲಾಡುವಷ್ಟು. ಬೆಟ್ಟದ ಕಣಿವೆಯಲ್ಲಿ ಮಧ್ಯಾಹ್ನದ ಗಾಳಿ ಅದಕ್ಕಿಂತ ಜೋರು. ಬಿಸಿಲಿಗೆ ಇಳಿಜಾರು ಕಾಯುತ್ತದೆ, ಬಿಸಿಗಾಳಿ ಮೇಲೇರುತ್ತದೆ, ಕೆಳಗಿನ ಕಣಿವೆಯಿಂದ ಗಾಳಿ ಅದರ ಹಿಂದೆ ನುಗ್ಗಿ ಬರುತ್ತದೆ. ರಾತ್ರಿ ಇದೆಲ್ಲ ತಿರುಗಿ ತಣ್ಣನೆಯ ಗಾಳಿ ಮೆಲ್ಲಗೆ ಕೆಳಗಿಳಿಯುತ್ತದೆ. ಬೆಳಗಿನ ಜಾವ ಹೆಚ್ಚುಕಡಿಮೆ ನಿಶ್ಶಬ್ದ. ಆಗ ಹೋಗಿದ್ದರೆ ನೀರು ನೆಟ್ಟಗೆ ಬೀಳುತ್ತಿತ್ತು, ಯಾರು ನಿಂತರೂ ನೆನೆಯುತ್ತಿದ್ದರು. ನಾವು ಹೋಗಿದ್ದು ಹನ್ನೆರಡೂವರೆಗೆ. ಹತ್ತು ಹೆಜ್ಜೆ ಅಂತರದಲ್ಲಿ ಒಬ್ಬಳು ಒದ್ದೆ, ಒಬ್ಬಳು ಒಣ. ಅಷ್ಟೇ ವಿಷಯ.

ಪುರಾಣದ ಕಡೆಯಿಂದಲೂ ನನ್ನ ಹತ್ತಿರ ಉತ್ತರ ಇತ್ತು. ಅಷ್ಟವಸುಗಳು ಅಲ್ಲಿ ತಪಸ್ಸು ಮಾಡಿದರು, ಅದಕ್ಕೇ ವಸುಧಾರೆ ಅನ್ನುತ್ತಾರೆ. ಆ ವಸುಗಳು ಯಾರು? ವಸಿಷ್ಠರ ಹಸುವನ್ನು ಕದ್ದವರು. ಕದ್ದು ಶಾಪ ಪಡೆದವರು. ಮನುಷ್ಯರಾಗಿ ಹುಟ್ಟಬೇಕು ಅಂತಾದಾಗ ಗಂಗೆಯ ಹತ್ತಿರ ಹೋಗಿ, ನೀನೇ ನಮಗೆ ತಾಯಾಗು, ಹುಟ್ಟಿದ ಕೂಡಲೇ ನಿನ್ನ ನೀರಿಗೆ ಹಾಕಿಕೋ ಅಂತ ಬೇಡಿಕೊಂಡರು. ಅವಳು ಒಪ್ಪಿದಳು. ಏಳು ಮಕ್ಕಳನ್ನು ನೀರಿಗೆ ಬಿಟ್ಟಳು. ಎಂಟನೆಯವನೇ ಭೀಷ್ಮ. ತಪ್ಪು ಮಾಡಿದವರನ್ನು ನೀರೇ ಮಡಿಲಿಗೆ ಎಳೆದುಕೊಂಡ ಕಥೆ ಅದು. ಅವರ ಹೆಸರಿನ ಧಾರೆ ತಪ್ಪು ಮಾಡಿದವರನ್ನು ಕಂಡು ಪಕ್ಕಕ್ಕೆ ಸರಿಯುತ್ತದೆ ಅಂದರೆ ನನಗೆ ನಂಬೋಕೆ ಆಗುವುದಿಲ್ಲ.

ಇಂಥ ಪರೀಕ್ಷೆಗಳು ನಮ್ಮ ಯಾತ್ರೆಯ ಜಾಗಗಳಲ್ಲಿ ಎಷ್ಟೋ ಇವೆ. ಇಕ್ಕಟ್ಟಾದ ಗುಹೆಯಲ್ಲಿ ಪುಣ್ಯ ಇದ್ದವರು ಮಾತ್ರ ನುಸುಳಬಹುದು, ಕಲ್ಲು ಎತ್ತಿದರೆ ಅಂದುಕೊಂಡದ್ದು ಆಗುತ್ತದೆ, ಹೀಗೆ. ಮಾಡಿದವರು ಕೆಟ್ಟ ಮನಸ್ಸಿನಿಂದ ಮಾಡಿರಲಿಕ್ಕಿಲ್ಲ. ಅಷ್ಟು ಕಷ್ಟಪಟ್ಟು ಬಂದವರಿಗೆ ಸ್ವಲ್ಪ ನಗು, ಸ್ವಲ್ಪ ಹೆದರಿಕೆ ಇರಲಿ ಅಂತ. ಆ ಹುಡುಗ ನಕ್ಕು ಓಡಾಡಿದ ಹಾಗೆ ಎಲ್ಲರೂ ಓಡಾಡಬಹುದು. ಆದರೆ ಆ ಬುಡಕ್ಕೆ ಬರುವವರಲ್ಲಿ ಅರ್ಧ ಜನ ಹಿಂದಿನ ದಿನ ಬ್ರಹ್ಮಕಪಾಲದಲ್ಲಿ ಕೂತಿದ್ದವರು ಅಲ್ವಾ? ಸತ್ತವರ ಹೆಸರು ಹೇಳಿ, ಎಳ್ಳುನೀರು ಬಿಟ್ಟು ಬಂದವರು. ಅವರಲ್ಲಿ ಯಾರ ಎದೆಯಲ್ಲಿ ಏನಿದೆ ಅಂತ ಮೇಲಿಂದ ಗೊತ್ತಾಗುವುದಿಲ್ಲ. ಆ ಮಾತನ್ನು ಅಮ್ಮನ ಕಿವಿಗೆ ಹಾಕಿದ್ದು ಹುಡುಗರಲ್ಲ. ನಾನು. ಅವಳ ಸ್ವಂತ ಭಾಷೆಯಲ್ಲಿ, ನಗುತ್ತಾ.

ಅವರೆಕಾಯಿ ಬಿಡಿಸುತ್ತಾ

ಈ ಲೆಕ್ಕವನ್ನೆಲ್ಲ ಅಮ್ಮನಿಗೆ ಹೇಳಲು ಎರಡು ತಿಂಗಳು ಬೇಕಾಯಿತು. ಡಿಸೆಂಬರ್ ಕೊನೆ. ಮನೆ ತುಂಬ ಅವರೆಕಾಯಿ ಸೊಗಡು. ಅಡುಗೆಮನೆಯ ನೆಲದ ಮೇಲೆ ಪೇಪರ್ ಹಾಸಿಕೊಂಡು ಇಬ್ಬರೂ ಕಾಳು ಬಿಡಿಸುತ್ತಿದ್ದೆವು. ವಸುಧಾರೆಯ ಹೆಸರು ಎತ್ತಿದೆ. ಅವಳ ಬೆರಳು ನಿಂತಿತು.

ಗಾಳಿ, ಹನಿ, ಮಧ್ಯಾಹ್ನದ ಬಿಸಿಲು, ಬೆಳಗಿನ ಹೊತ್ತಿಗೆ ಗಾಳಿ ಇರಲ್ಲ ಅನ್ನುವುದು, ಎಲ್ಲವನ್ನೂ ಹೇಳಿದೆ. ವಸುಗಳ ಕಥೆಯನ್ನೂ ಹೇಳಿದೆ. ಅವಳು ಪೂರ್ತಿ ಕೇಳಿದಳು.

"ಗಾಳಿ ಅಂತ ನನಗೂ ಗೊತ್ತು ಕಣೇ" ಅಂದಳು. "ಅಲ್ಲೇ ಗೊತ್ತಾಯ್ತು. ಕಣ್ಣಿಗೆ ಕಾಣಿಸ್ತಿತ್ತಲ್ಲ. ಆದರೂ ಬೀಳಲಿಲ್ಲ ಅಲ್ವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಮತ್ತೆ ಕಾಯಿ ಬಿಡಿಸತೊಡಗಿದಳು. ಬಿಡಿಸುತ್ತಲೇ ಹೇಳಿದಳು. ಚಿಕ್ಕಮ್ಮನನ್ನು ಆಸ್ಪತ್ರೆಗೆ ಸೇರಿಸಿದ ವಾರ ಮೂರು ಸಲ ಫೋನ್ ಬಂದಿತ್ತಂತೆ. ಎರಡು ಸಲ ಚಿಕ್ಕಪ್ಪ ಮಾಡಿದ್ದರು. ಅಮ್ಮ, ನೋಡ್ತೀನಿ, ಈ ವಾರ ಆಗಲ್ಲ ಅಂದಿದ್ದಳು. "ಮೂರನೇ ಸಲ ಅವಳೇ ಮಾತಾಡಿದಳು. ನಾಲ್ಕು ವರ್ಷ ಆಗಿತ್ತು ಅವಳ ದನಿ ಕೇಳಿ. ಅಕ್ಕಾ, ಬಾರೇ ಅಂದಳು. ಅಷ್ಟೇ. ನಾನು ನಾಳೆ ಬರ್ತೀನಿ ಅಂದೆ. ಅಂದ ಮೇಲೂ ಬೆಳಗ್ಗೆ ಎದ್ದು ಹಿಟ್ಟು ರುಬ್ಬಿದೆ, ಬಟ್ಟೆ ಒಗೆದೆ. ಅವಳು ಕರೆದ ತಕ್ಷಣ ಓಡಿ ಹೋದರೆ ನಾನು ಸೋತ ಹಾಗೆ ಅನ್ನಿಸ್ತು. ಹನ್ನೊಂದು ಗಂಟೆಗೆ ಫೋನ್ ಬಂತು." ಸ್ವಲ್ಪ ಹೊತ್ತು ಬಿಟ್ಟು ಅಂದಳು, "ಅವತ್ತು ಕೈ ಚಾಚಿದಾಗ, ನೀರಿಗೂ ಗೊತ್ತಾಯ್ತಲ್ಲ ಅನ್ನಿಸ್ತು."

ಧರ್ಮರಾಯನ ಕಥೆಯ ಕೊನೆಯ ಭಾಗ ನನಗೆ ನೆನಪಾಯಿತು. ದಾರಿಯಲ್ಲಿ ಯಾರು ಯಾಕೆ ಬಿದ್ದರು ಅಂತ ಕಾರಣ ಹೇಳುತ್ತಾ ಬಂದವನು ಅವನು. ಕೊನೆಗೆ ನರಕದಲ್ಲಿ ತಮ್ಮಂದಿರ ದನಿ ಕೇಳಿಸುತ್ತದೆ. ನೀನು ಬಂದಾಗ ತಂಪಾದ ಗಾಳಿ ಬೀಸಿತು, ನೀನು ಇಲ್ಲಿರುವಷ್ಟು ಹೊತ್ತು ನಮಗೆ ನೋವಿಲ್ಲ, ಸ್ವಲ್ಪ ಇರು ಅನ್ನುತ್ತಾರೆ. ಅವನು ಆಗ ಕಾರಣ ಹೇಳುವುದಿಲ್ಲ. ಸ್ವರ್ಗ ಬೇಡ, ಇಲ್ಲೇ ಇರ್ತೀನಿ ಅನ್ನುತ್ತಾನೆ. ಎರಡು ತಿಂಗಳು ನಾನು ಅಮ್ಮನಿಗಾಗಿ ಕಾರಣ ಹುಡುಕುತ್ತಿದ್ದೆ. ಅಂದು ಮಧ್ಯಾಹ್ನ ಆ ಬಂಡೆಯ ಮೇಲೆ ಅವಳ ಪಕ್ಕ ಹೋಗಿ ಕೂತಿರಲಿಲ್ಲ. ವಿಡಿಯೋ ಹೇಗೆ ಬಂದಿದೆ ಅಂತ ನೋಡುತ್ತಿದ್ದೆ. ಇದನ್ನು ಅಮ್ಮನಿಗೆ ಹೇಳಲಿಲ್ಲ. ಸ್ವಲ್ಪ ಹತ್ತಿರ ಜರುಗಿ ಕೂತೆ. ಇಬ್ಬರ ಮೊಣಕಾಲೂ ತಾಗುತ್ತಿದ್ದವು. ತುಂಬಾ ಹೊತ್ತು ಬರೀ ಕಾಳು ಬೀಳುವ ಸದ್ದು.

ಸಿಪ್ಪೆ ರಾಶಿಯಾಗಿತ್ತು. ನನಗೆ ಏನು ತೋಚಿತೋ, ಒಂದು ಉದ್ದದ ಸಿಪ್ಪೆ ತೆಗೆದು ಪೇಪರಿನ ಮೇಲೆ ನಿಲ್ಲಿಸಿದ ಹಾಗೆ ಇಟ್ಟೆ. "ಇದು ವಸುಧಾರೆ" ಅಂದೆ. ಅದರ ಕೆಳಗಿನಿಂದ ಸಿಪ್ಪೆಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಾ ಬಂದೆ. "ಇದು ಅಲಕನಂದೆ. ವಸುಧಾರೆ ಬಿದ್ದು ಇದಕ್ಕೇ ಸೇರುತ್ತೆ. ನಾವು ನಡೆದಾಗ ಎಡಗಡೆ ಇತ್ತಲ್ಲ, ಅದೇ." ಒಂದು ಕಾಳು ಇಟ್ಟೆ. "ಇದು ಮಾಣಾ. ನಿನಗೆ ಕೋಲು ಕೊಟ್ಟರಲ್ಲ." ಇನ್ನಷ್ಟು ಸಿಪ್ಪೆ ಜೋಡಿಸಿ ಇನ್ನೊಂದು ಕಾಳು ಇಟ್ಟೆ. "ಇದು ಬ್ರಹ್ಮಕಪಾಲ."

ಅಮ್ಮ ಆ ಎರಡನೇ ಕಾಳನ್ನೇ ನೋಡುತ್ತಿದ್ದಳು.

"ಚೊಂಬಿಗೆ ತುಂಬಿದ್ದು ಅದೇ ನೀರಾ?"

"ಬೇರೆ ನೀರೂ ಸೇರಿರುತ್ತೆ. ಸರಸ್ವತಿ ಸೇರುತ್ತೆ. ಆದರೆ ಅದೂ ಇತ್ತು."

"ಚಿಕ್ಕಮ್ಮನಿಗೆ ಎರಡನೇ ಸಲ ಬಿಟ್ಟಿದ್ದೂ?"

"ಅದೂ."

ಅವಳು ಬೆರಳಿನಿಂದ ಸಿಪ್ಪೆಯ ಸಾಲನ್ನು ಮೇಲಿಂದ ಕೆಳಗಿನವರೆಗೆ ಸವರಿದಳು. ಮಾಣಾದ ಕಾಳು ಸ್ವಲ್ಪ ಜರುಗಿತ್ತು, ಸರಿ ಮಾಡಿದಳು. "ಮೇಲೆ ಬಿದ್ದ ನೀರು ಅಲ್ಲಿಗೆ ಬರೋಕೆ ಎಷ್ಟು ಹೊತ್ತು ಬೇಕು?"

ಎಂಟೊಂಬತ್ತು ಕಿಲೋಮೀಟರ್. ಆ ನದಿಯ ಓಟ ನೋಡಿದರೆ ಸೆಕೆಂಡಿಗೆ ಒಂದೂವರೆ, ಎರಡು ಮೀಟರ್ ಅಂತ ಇಟ್ಟುಕೊಳ್ಳಬಹುದು. "ಒಂದು ಗಂಟೆ, ಒಂದೂವರೆ ಗಂಟೆ" ಅಂದೆ.

"ನಾವು ಅಲ್ಲಿ ಕೂತಾಗ ಎಂಟು ಗಂಟೆ." ಅವಳು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದಳು. "ಹಾಗಾದರೆ ಆರೂವರೆಗೆ ಬಿದ್ದಿರಬೇಕು."

"ಹೌದು."

"ಆ ಹೊತ್ತಿಗೆ ಗಾಳಿ ಇರಲ್ಲ ಅಂದೆಯಲ್ಲ?"

ಇರಲ್ಲ ಅಂದೆ. ಅವಳು ತಲೆಯಾಡಿಸಿದಳು. ಎರಡೂ ಕಾಳುಗಳನ್ನು ಪೇಪರಿನ ಮೇಲಿಂದ ತೆಗೆದು ಪಾತ್ರೆಗೆ ಹಾಕಿ, ಸಾರಿಗೆ ನೀರಿಡಲು ಎದ್ದಳು.